ಅಜ್ಜನವರು ಲಿಂಗೈಕ್ಯರಾದ ಮೇಲೆ ನಮ್ಮ ಊರ ಮಠಕ್ಕೆ ಮರಿ ಬೇಕೇ?

ಪ್ರಶ್ನೆ
ಬರೆದವರು: ಹಳ್ಳಿಮಠದ ಕಾರ್ಯದರ್ಶಿ

ಎಲ್ಲರಿಗೂ ಶರಣು ಶರಣಾರ್ಥಿಗಳು.

ಗದಗ ಜಿಲ್ಲೆಯ ನಮ್ಮ ಊರಿನಲ್ಲಿ ಲಿಂಗಾಯತ ಸಮಾಜದ ವಿರಕ್ತ (ಸಂಸಾರ ತೊರೆದ ಸ್ವಾಮಿಗಳ) ಪರಂಪರೆಗೆ ಸೇರಿದ ಒಂದು ಸಣ್ಣ ಮಠವಿದೆ. 40 ವರ್ಷಕ್ಕೂ ಹೆಚ್ಚು ಕಾಲ ಅದರ ಪೀಠದಲ್ಲಿದ್ದ ಅಜ್ಜನವರು ಕಳೆದ ಶ್ರಾವಣದಲ್ಲಿ ಲಿಂಗೈಕ್ಯರಾದರು. ಕ್ರಿಯಾಸಮಾಧಿಯೂ ಗಣಾರಾಧನೆಯೂ ಊರೆಲ್ಲ ಸೇರಿ ನೆರವೇರಿಸಿದೆವು. ಆದರೆ ಅವರು ತಮ್ಮ ಜೀವಿತದಲ್ಲಿ ಯಾರನ್ನೂ ಮರಿ, ಅಂದರೆ ಮುಂದೆ ಪೀಠಕ್ಕೆ ಬರುವ ಶಿಷ್ಯ, ಎಂದು ಮಾಡಿಕೊಂಡಿರಲಿಲ್ಲ. ಮಠಕ್ಕೆ 18 ಎಕರೆ ಎರೆಹೊಲವಿದೆ, 60 ಮಕ್ಕಳಿರುವ ಪ್ರಸಾದ ನಿಲಯವಿದೆ, ಹಿಂದಿನ ಮೂವರು ಸ್ವಾಮಿಗಳ ಗದ್ದುಗೆಗಳಿವೆ. ಸದ್ಯಕ್ಕೆ ಭಕ್ತರ ಸಮಿತಿಯೇ ಎಲ್ಲವನ್ನೂ ನೋಡಿಕೊಳ್ಳುತ್ತಿದೆ. ನಾನು ಅದರ ಕಾರ್ಯದರ್ಶಿ.

ಈಗ ಊರು ಎರಡಾಗಿದೆ. ಹಿರಿಯರು ಪಕ್ಕದ ತಾಲ್ಲೂಕಿನ ಜಂಗಮ ಮನೆತನದ 11 ವರ್ಷದ ಹುಡುಗನೊಬ್ಬನನ್ನು ನೋಡಿ ಬಂದಿದ್ದಾರೆ. ಅವನನ್ನು ಮರಿಯಾಗಿ ತಂದು, ಓದಿಸಿ, ಮುಂದೆ ಪಟ್ಟಾಧಿಕಾರ ಮಾಡಬೇಕೆಂಬುದು ಅವರ ಮಾತು. ಹರೆಯದವರು ಮಠವನ್ನು ಟ್ರಸ್ಟ್ ಮಾಡಿ ನೋಂದಾಯಿಸಿ, ಪ್ರಸಾದ ನಿಲಯವನ್ನು ಸಮಿತಿಯಿಂದಲೇ ನಡೆಸಿದರೆ ಸಾಕು, ಸ್ವಾಮಿಗಳ ಅಗತ್ಯವೇ ಇಲ್ಲ ಎನ್ನುತ್ತಾರೆ. ಅವರ ವಾದಕ್ಕೆ ಬಲವಾದ ಆಧಾರವೂ ಇದೆ. ತಾನು ಉಣ್ಣುವ ಊಟವನ್ನು ಹೇಗೆ ಇನ್ನೊಬ್ಬರ ಕೈಯಲ್ಲಿ ಮಾಡಿಸಲಾಗದೋ ಹಾಗೆಯೇ ತನ್ನ ಲಿಂಗಕ್ಕೆ ಮಾಡುವ ನಿತ್ಯನೇಮವನ್ನೂ ಇನ್ನೊಬ್ಬರಿಂದ ಮಾಡಿಸಲಾಗದು ಎಂದು ಬಸವಣ್ಣನವರೇ ಹೇಳಿದ್ದಾರಲ್ಲ, ದೇವರಿಗೂ ಭಕ್ತನಿಗೂ ನಡುವೆ ಪೂಜಾರಿಯೇ ಇಲ್ಲದ ಧರ್ಮದಲ್ಲಿ ಕಾವಿ ತೊಟ್ಟವರ ಒಂದು ವರ್ಗ ಏಕೆ ಬೇಕು ಎಂಬುದು ಅವರ ಪ್ರಶ್ನೆ. ಉತ್ತರ ಕೊಡಲು ನಾನು ಬಾಯಿ ತೆರೆದೆ, ಮಾತು ಬರಲಿಲ್ಲ.

ಅಂದಿನಿಂದ ಅಜ್ಜನವರು ನಿಜವಾಗಿ ಏನು ಮಾಡುತ್ತಿದ್ದರು ಎಂಬುದನ್ನು ನೆನಪು ಮಾಡಿಕೊಳ್ಳುತ್ತಿದ್ದೇನೆ. ನಮ್ಮ ಪರವಾಗಿ ಅವರು ಎಂದೂ ಪೂಜೆ ಮಾಡಲಿಲ್ಲ. ಅವರ ಪೂಜೆ ಅವರದು, ನಮ್ಮದು ನಮ್ಮದಾಗಿತ್ತು. ಅಣ್ಣತಮ್ಮಂದಿರು ಹೊಲದ ಬದುವಿಗಾಗಿ ಕೊಡಲಿ ಹಿಡಿದು ನಿಂತಾಗ ನಡುವೆ ಹೋಗಿ ನಿಂತವರು ಅವರು. ಸಾಲ ತೀರಿಸಲಾಗದೆ ಮನೆಯ ಬಾಗಿಲು ಹಾಕಿಕೊಂಡು ಕೂತವನ ಹತ್ತಿರ ರಾತ್ರಿಯಿಡೀ ಕೂತವರು ಅವರು. ಗಂಡನ ಮನೆಯಿಂದ ಹೊರಬಿದ್ದ ಹೆಣ್ಣುಮಗಳನ್ನು ಮರಳಿ ಕರೆದುಕೊಂಡು ಹೋಗಿ, ಅಲ್ಲಿನವರಿಗೆ ತಿಳಿಯುವಂತೆ ಹೇಳಿ ಬಂದವರೂ ಅವರೇ. ಇದೆಲ್ಲ ದೀಕ್ಷೆಯಿಂದ ಬಂದ ಅಧಿಕಾರವೋ, ಆ ಒಬ್ಬ ಮನುಷ್ಯನ ಒಳ್ಳೆಯತನವೋ? ಒಳ್ಳೆಯತನವೇ ಆಗಿದ್ದರೆ ಪೀಠವನ್ನು ತುಂಬುವುದರಿಂದ ಅದು ಮರಳಿ ಬಾರದು. ದೀಕ್ಷೆಯ ಬಲವಾಗಿದ್ದರೆ ಸಮಿತಿ ಮಾಡುವುದರಿಂದ ಬಾರದು.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಅಜ್ಜನವರು ಲೆಕ್ಕವನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡಿದ್ದರು. ಅವರ ನಂತರ ನೋಡಿದರೆ 18 ಎಕರೆಯಲ್ಲಿ 5 ಎಕರೆಯ ಪಹಣಿ ಇನ್ನೂ ಅವರ ಗುರುಗಳ ಹೆಸರಿನಲ್ಲೇ ಇದೆ. ಅವರು ಒಂದು ರೂಪಾಯಿಯನ್ನೂ ತಮಗಾಗಿ ಬಳಸಲಿಲ್ಲವೆಂದು ಊರಿಗೆಲ್ಲ ಗೊತ್ತು, ಆದರೆ ಅದನ್ನು ತೋರಿಸಲು ಒಂದು ಹಾಳೆಯೂ ನಮ್ಮಲ್ಲಿಲ್ಲ.

ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು. ಮುಂದಿನ ಅಮಾವಾಸ್ಯೆಯ ಮರುದಿನ ಊರ ಸಭೆ ಇದೆ.

ಉತ್ತರ 1
ಬರೆದವರು: ಮಲಪ್ರಭೆಯ ಹಳೆಯ ವಟು

ಶರಣು. ನಾನು 12ನೆಯ ವಯಸ್ಸಿನಿಂದ ಆರು ವರ್ಷ ಒಂದು ಸಾಧಕ ನಿಲಯದಲ್ಲಿ ವಟುವಾಗಿ, ಅಂದರೆ ಸ್ವಾಮಿಯಾಗಲು ಕಲಿಯುವ ಹುಡುಗನಾಗಿ, ಇದ್ದವನು. ಆಮೇಲೆ ಆ ದಾರಿ ನನ್ನದಲ್ಲವೆಂದು ಗುರುಗಳಿಗೆ ಹೇಳಿ, ಅವರ ಆಶೀರ್ವಾದ ಪಡೆದು ಮನೆಗೆ ಬಂದೆ, ಈಗ ಸಂಸಾರಿ. ಆದ್ದರಿಂದ ಎರಡೂ ಕಡೆಯನ್ನು ಒಳಗಿನಿಂದ ಕಂಡಿದ್ದೇನೆ.

ಮೊದಲು ದೀಕ್ಷೆಯ ವಿಷಯ. ನಿಮ್ಮ ಊರಿನ ಹರೆಯದವರು ಹೇಳುತ್ತಿರುವುದರಲ್ಲಿ ಅರ್ಧ ಸರಿಯಿದೆ. ಲಿಂಗದೀಕ್ಷೆ ಎಂಬುದು ಸ್ವಾಮಿಗಳಿಗೆ ಮೀಸಲಾದುದಲ್ಲ. ವೇಧಾ, ಮಂತ್ರ, ಕ್ರಿಯಾ ಎಂಬ ಮೂರು ದೀಕ್ಷೆಗಳಿಂದ ಭಾವಲಿಂಗ, ಪ್ರಾಣಲಿಂಗ, ಇಷ್ಟಲಿಂಗಗಳ ಅರಿವನ್ನು ಗುರುವು ಶಿಷ್ಯನಿಗೆ ಕೊಡುತ್ತಾನೆ. ಹೆಣ್ಣು ಗಂಡು, ಒಕ್ಕಲಿಗ ಕುಂಬಾರ ಎನ್ನದೆ ಇದು ಎಲ್ಲರಿಗೂ ಒಂದೇ. ಗುರುವು ಲಿಂಗವನ್ನು ಕರಸ್ಥಲಕ್ಕೆ ಕೊಟ್ಟ ಮೇಲೆ ಪೂಜೆಯ ಅಧಿಕಾರ ಪೂರ್ತಿಯಾಗಿ ಆ ಅಂಗೈಯದೇ. ಮಠದ ಸ್ವಾಮಿಯಾಗುವವನಿಗೆ ಮುಂದೆ ಆಗುವ ದೀಕ್ಷೆಯು ಈ ಅಧಿಕಾರಕ್ಕೆ ಏನನ್ನೂ ಸೇರಿಸುವುದಿಲ್ಲ. ಅವನು ದೇವರಿಗೆ ಭಕ್ತರಿಗಿಂತ ಒಂದು ಗೇಣು ಹತ್ತಿರವಾಗುವುದಿಲ್ಲ.

ಹಾಗಾದರೆ ಆ ದೀಕ್ಷೆಯಿಂದ ಆಗುವುದೇನು? ನಾನು ಕಂಡಂತೆ ಅದು ಸೇರಿಸುವುದಕ್ಕಿಂತ ಕಳೆಯುವ ಕ್ರಿಯೆ. ಅವನ ತಂದೆತಾಯಿಯ ಹೆಸರು ಕಳೆಯುತ್ತದೆ, ಮನೆತನ ಕಳೆಯುತ್ತದೆ, ಆಸ್ತಿಯ ಪಾಲು ಕಳೆಯುತ್ತದೆ, ಮುಂದೆ ಹುಟ್ಟಬಹುದಾಗಿದ್ದ ಮಕ್ಕಳೂ ಕಳೆಯುತ್ತಾರೆ. ನಿಮ್ಮ ಅಜ್ಜನವರು ಕೊಡಲಿಗಳ ನಡುವೆ ನಿಂತಾಗ ಎರಡೂ ಕಡೆಯವರು ಕೈ ತಡೆದದ್ದು ಏಕೆಂದು ಯೋಚಿಸಿರಿ. ಅವರು ಇಬ್ಬರಲ್ಲಿ ಯಾರ ಬೀಗರೂ ಅಲ್ಲ, ಯಾರ ದಾಯಾದಿಯೂ ಅಲ್ಲ, ಆ ಬದುವಿನಲ್ಲಿ ಅವರಿಗೆ ಒಂದು ಅಂಗುಲವೂ ಬೇಕಾಗಿರಲಿಲ್ಲ. ಪಂಚಾಯಿತಿಯ ಸದಸ್ಯ ಎಷ್ಟೇ ಒಳ್ಳೆಯವನಾದರೂ ಅವನಿಗೆ ಒಂದು ಓಣಿ ಇರುತ್ತದೆ, ಒಂದು ಪಕ್ಷವಿರುತ್ತದೆ, ಮದುವೆಗೆ ಬಂದ ಮಗಳಿರುತ್ತಾಳೆ. ನೀವು ಕೇಳಿದ ದೀಕ್ಷೆಯೋ ಒಳ್ಳೆಯತನವೋ ಎಂಬ ಪ್ರಶ್ನೆಗೆ ನನ್ನ ಉತ್ತರ ಇದು: ಒಳ್ಳೆಯತನ ಅಜ್ಜನವರದೇ, ಆದರೆ ಆ ಒಳ್ಳೆಯತನಕ್ಕೆ ಊರಿನ ಎಲ್ಲ ಬಾಗಿಲುಗಳನ್ನು ತೆರೆದುಕೊಟ್ಟದ್ದು ದೀಕ್ಷೆ.

ಇದಕ್ಕೆ ನಿಮ್ಮ ಜಿಲ್ಲೆಯಲ್ಲೇ ಎಲ್ಲರೂ ಕಂಡ ಉದಾಹರಣೆ ಇದೆ. 2011ರಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗಾಗಿ ಹಳ್ಳಿಗುಡಿಯ ಸುತ್ತಲಿನ ಫಲವತ್ತಾದ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲು ಸರ್ಕಾರ ಹೊರಟಾಗ ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ರೈತರ ಮುಂದೆ ನಿಂತರು, ಸರ್ಕಾರ ಹಿಂದೆ ಸರಿಯಿತು. ಅದಕ್ಕೂ ಮೊದಲು ಗೋಕಾಕ ಚಳವಳಿಯ ಕಾಲದಲ್ಲಿಯೂ ಅವರು ಕನ್ನಡದ ಪರವಾಗಿ ಬೀದಿಗಿಳಿದಿದ್ದರು. ಅಲ್ಲಿ ಅವರು ಯಾವ ಮಂತ್ರವನ್ನೂ ಹೇಳಲಿಲ್ಲ. ಕಳೆದುಕೊಳ್ಳಲು ಸ್ವಂತದ್ದೆಂಬುದು ಇಲ್ಲದವರ ಮಾತಿಗೆ ಇರುವ ಬಲ ಅದು.

ಇನ್ನು ತರಬೇತಿಯ ವಿಷಯ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರವನ್ನು ಸ್ಥಾಪಿಸಿದ್ದು ಇದೇ ಚಿಂತೆಯಿಂದ. ಮಠಗಳು ನೂರಾರು ಇದ್ದವು. ಆದರೆ ಪೀಠದ ಮೇಲೆ ಕೂರುವವರಿಗೆ ಓದು, ಯೋಗ, ಆಚಾರಗಳನ್ನು ಕಲಿಸುವ ಒಂದು ಸ್ಥಳವಿರಲಿಲ್ಲ. ಹುಟ್ಟಿನಿಂದ ಬಂದ ಅಯ್ಯತನ ಸಾಲದು, ಸಾಧನೆಯಿಂದ ಸ್ವಾಮಿಯಾಗಬೇಕೆಂಬುದೇ ಆ ಸಂಸ್ಥೆಯ ಮೂಲ. ಅಲ್ಲಿ ಇಂದಿಗೂ ಗೋಶಾಲೆಯ ಸಗಣಿಯಿಂದ ವಿಭೂತಿ ತಯಾರಾಗುತ್ತದೆ. ನಾನಿದ್ದ ಸಾಧಕ ನಿಲಯವೂ ಅದೇ ಪದ್ಧತಿಯದು. ಬೆಳಗಿನ ಜಾವ ಎದ್ದು ತಣ್ಣೀರಿನ ಸ್ನಾನ, ಲಿಂಗಪೂಜೆ, ಆಸನ, ಸಂಸ್ಕೃತ, ವಚನ, ಸಂಗೀತ, ಹಸುಗಳ ಚಾಕರಿ. ಇದಿಷ್ಟೂ ನನಗೆ ಕಷ್ಟವೆನಿಸಲಿಲ್ಲ. ಕಷ್ಟವಾದದ್ದು ಬೇರೆ. ಊರಿನ ಜಾತ್ರೆಯ ದಿನ ಅವ್ವ ಬುತ್ತಿ ಕಟ್ಟಿಕೊಂಡು ಬಂದಾಗ, ನಾನು ಅವಳ ಕಾಲಿಗೆ ಬೀಳುವ ಮೊದಲೇ ಅವಳು ನನ್ನ ಕಾಲಿಗೆ ಬಿದ್ದಳು. ಆಗ ನನಗೆ 13 ವರ್ಷ. ಆ ಕ್ಷಣವನ್ನು ಹೊತ್ತುಕೊಳ್ಳುವ ಶಕ್ತಿ ಆ ವಯಸ್ಸಿಗೆ ಇರುವುದಿಲ್ಲ.

ಆದ್ದರಿಂದ ಮಠಕ್ಕೆ ಸ್ವಾಮಿಗಳು ಬೇಕು ಎಂಬ ಹಿರಿಯರ ಮಾತಿಗೆ ನನ್ನ ಒಪ್ಪಿಗೆ ಇದೆ, 11 ವರ್ಷದ ಹುಡುಗನ ಮೇಲೆ ಆ ಭಾರ ಹಾಕುವುದಕ್ಕೆ ಇಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳನ್ನು ನೆನೆಯಿರಿ. ಅವರು ಹುಟ್ಟಿದ್ದು 1907ರಲ್ಲಿ, ಉತ್ತರಾಧಿಕಾರಿಯಾಗಿ ದೀಕ್ಷೆ ಪಡೆದದ್ದು 1930ರಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ. ಆಮೇಲೆ 1941ರಲ್ಲಿ ಉದ್ದಾನ ಸ್ವಾಮಿಗಳು ಲಿಂಗೈಕ್ಯರಾಗುವವರೆಗೆ ಹನ್ನೊಂದು ವರ್ಷ ಗುರುವಿನ ಕೈಕೆಳಗೆ ದುಡಿದರು. ತಿಳಿದು, ಬಲಿತು, ತಾನಾಗಿ ಒಪ್ಪಿಕೊಂಡ ವೈರಾಗ್ಯವಾದ್ದರಿಂದಲೇ ಅದು 111 ವರ್ಷದ ಬಾಳಿನ ಕೊನೆಯವರೆಗೂ ನಿಂತಿತು.

ಉತ್ತರ 2
ಬರೆದವರು: ಕಪ್ಪು ಕೋಟು

ಹಿಂದಿನವರು ಬರೆದಿರುವುದು ಮನಸ್ಸಿಗೆ ತಟ್ಟಿತು. ನಾನು ಸಿವಿಲ್ ದಾವೆಗಳನ್ನು ನಡೆಸುವ ವಕೀಲ. ಪಹಣಿಯ ಮಾತು ಬಂದದ್ದರಿಂದ ಕಾನೂನಿನ ಕಡೆಯನ್ನು ಮಾತ್ರ ಹೇಳುತ್ತೇನೆ.

ಮಠಾಧಿಪತಿಯ ಸ್ಥಾನ ಎಂಥದು ಎಂಬ ಪ್ರಶ್ನೆ ನ್ಯಾಯಾಲಯಗಳನ್ನು ನೂರು ವರ್ಷಗಳಿಂದ ಕಾಡಿದೆ. 1921ರಲ್ಲಿ ಪ್ರಿವಿ ಕೌನ್ಸಿಲ್ ಅವರನ್ನು ಇಂಗ್ಲಿಷ್ ಕಾನೂನಿನ ಅರ್ಥದಲ್ಲಿ ಟ್ರಸ್ಟಿ ಎಂದು ಕರೆಯಲಾಗದು ಎಂದಿತು. 1954ರಲ್ಲಿ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇನ್ನೂ ಸ್ಪಷ್ಟಪಡಿಸಿತು: ಮಠಾಧಿಪತಿಯು ಬರಿಯ ವ್ಯವಸ್ಥಾಪಕನಲ್ಲ, ಆ ಸ್ಥಾನದಲ್ಲಿ ಪದವಿ ಮತ್ತು ಆಸ್ತಿ, ಕರ್ತವ್ಯ ಮತ್ತು ಸ್ವಂತ ಹಿತ ಇವು ಒಂದರೊಳಗೊಂದು ಬೆರೆತಿವೆ. ಅದೇ ತೀರ್ಪು ಧರ್ಮದ ವಿಷಯದಲ್ಲಿ ಸರ್ಕಾರ ಕೈ ಹಾಕುವಂತಿಲ್ಲ, ಆದರೆ ಆಸ್ತಿಯ ಆಡಳಿತವನ್ನು ಕಾನೂನಿನಿಂದ ನಿಯಂತ್ರಿಸಬಹುದು ಎಂಬ ಗೆರೆಯನ್ನೂ ಎಳೆಯಿತು. ನಮ್ಮ ರಾಜ್ಯದ 1997ರ ಧಾರ್ಮಿಕ ದತ್ತಿ ಕಾಯ್ದೆಯಂತೂ ಮಠಗಳನ್ನು ಮತ್ತು ಮಠಗಳಿಗೆ ಸೇರಿದ ದೇವಾಲಯಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅಂದರೆ ಮುಜರಾಯಿ ಇಲಾಖೆ ಬಂದು ನಿಮ್ಮ ಲೆಕ್ಕ ನೋಡುವುದಿಲ್ಲ, ನೀವೇ ನೋಡಿಕೊಳ್ಳಬೇಕು. ಹಳ್ಳಿಯ ಮಠಗಳ ದಾವೆಗಳಲ್ಲಿ ನಾನು ಕಂಡ ಜಗಳಗಳೆಲ್ಲ ಹುಟ್ಟಿದ್ದು ಈ ಖಾಲಿ ಜಾಗದಲ್ಲಿ. ಸ್ವಾಮಿಗಳು ಸತ್ಯವಂತರಾಗಿದ್ದರೂ ಅವರ ಕಾಲಾನಂತರ ಪೂರ್ವಾಶ್ರಮದ ಬಂಧುಗಳು, ಹೊಲ ಉಳುವ ಕೋರುದಾರರು, ಸಮಿತಿಯ ಎರಡು ಬಣಗಳು ನಾಲ್ಕು ದಿಕ್ಕಿನಿಂದ ಅರ್ಜಿ ಹಾಕುತ್ತಾರೆ.

ಹುಡುಗನ ವಿಷಯ. 2021ರಲ್ಲಿ ಅದೇ ಶಿರೂರು ಮಠಕ್ಕೆ ಬಾಲಕನನ್ನು ಪೀಠಾಧಿಪತಿಯಾಗಿ ನೇಮಿಸಿದ್ದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ ತಳ್ಳಿಹಾಕಿತು. 18 ವರ್ಷ ತುಂಬದವರು ಸನ್ಯಾಸ ಸ್ವೀಕರಿಸಲು ಕಾನೂನಿನ ತಡೆಯಿಲ್ಲ ಎಂದಿತು. ಆದ್ದರಿಂದ ನಿಮ್ಮ ಹಿರಿಯರು ಮಾಡಹೊರಟಿರುವುದು ಕಾನೂನುಬಾಹಿರವಲ್ಲ. ಆದರೆ ಕಾನೂನು ತಡೆಯುವುದಿಲ್ಲ ಎಂಬುದು ಊರಿನವರು ಯೋಚಿಸುವುದನ್ನು ನಿಲ್ಲಿಸಲು ಕಾರಣವಾಗಬಾರದು. ಅಪ್ರಾಪ್ತ ವಯಸ್ಕನ ಹೆಸರಿಗೆ ಪೀಠ ಬಂದರೆ ಅವನು ದೊಡ್ಡವನಾಗುವವರೆಗೆ ಹೊಲ, ಹಣ, ನಿಲಯ ಯಾರೋ ದೊಡ್ಡವರ ಕೈಯಲ್ಲಿರುತ್ತವೆ, ಸಹಿ ಮಾತ್ರ ಪೀಠದ ಹೆಸರಿನಲ್ಲಿರುತ್ತದೆ. ಆ ಏಳೆಂಟು ವರ್ಷ ಬಹಳ ಅಪಾಯದ ಕಾಲ.

ನನ್ನ ಸಲಹೆ: ಸ್ವಾಮಿಗಳು ಬರಲಿ ಬಾರದಿರಲಿ, ಮೊದಲು 5 ಎಕರೆಯ ಪಹಣಿಯನ್ನು ಮಠದ ಹೆಸರಿಗೆ ಮಾಡಿಸಿರಿ. ಪ್ರಸಾದ ನಿಲಯಕ್ಕೆ ಬೇರೆಯೇ ಒಂದು ಸಾರ್ವಜನಿಕ ಟ್ರಸ್ಟ್ ಮಾಡಿ, ಅದರ ಲೆಕ್ಕವನ್ನು ಪ್ರತಿವರ್ಷ ಪರಿಶೋಧನೆಗೆ ಕೊಟ್ಟು, ಜಾತ್ರೆಯ ದಿನ ಭಕ್ತರ ಮುಂದೆ ಓದಿರಿ. ಮುಂದೆ ಬರುವ ಸ್ವಾಮಿಗಳು ಟ್ರಸ್ಟಿನ ಅಧ್ಯಕ್ಷರಾಗಿರಲಿ, ಆದರೆ ಬ್ಯಾಂಕಿನ ಚೆಕ್ಕಿಗೆ ಅವರೊಬ್ಬರದೇ ಸಹಿ ಸಾಲದೆಂಬ ನಿಯಮ ಪತ್ರದಲ್ಲಿರಲಿ. ಸ್ವಾಮಿಗಳ ಮೇಲೆ ಅನುಮಾನವಿದ್ದು ಇದನ್ನು ಹೇಳುತ್ತಿಲ್ಲ. ಸರ್ವಸ್ವವನ್ನೂ ಬಿಟ್ಟು ಬಂದವರ ತಲೆಯ ಮೇಲೆ ಮತ್ತೆ 18 ಎಕರೆ ಹೊರಿಸುವುದು ಅವರ ದೀಕ್ಷೆಗೇ ನಾವು ಮಾಡುವ ಅನ್ಯಾಯ.

ಉತ್ತರ 3
ಬರೆದವರು: ನಿವೃತ್ತ ಶಿಕ್ಷಕಿ, ಧಾರವಾಡ

ಕಾರ್ಯದರ್ಶಿಗಳೇ, ನಿಮ್ಮ ಊರಿನ ಹರೆಯದವರ ಪರವಾಗಿ ಎರಡು ಮಾತು ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ.

ನಮ್ಮ ಸಮಾಜದಲ್ಲಿ ಆದ ದೊಡ್ಡ ಕೆಲಸಗಳನ್ನೆಲ್ಲ ಮಠಗಳೇ ಮಾಡಿದವು ಎಂಬ ಭಾವನೆ ಬೆಳೆದಿದೆ. ಅದು ಪೂರ್ತಿ ನಿಜವಲ್ಲ. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್ಇ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಏಳು ಮಂದಿ ಸಂಸಾರಿಗಳು, ನನ್ನಂತೆ ಪಾಠ ಹೇಳುತ್ತಿದ್ದವರು. ತಾಳೆಗರಿಗಳಲ್ಲಿ ಚದುರಿಹೋಗಿದ್ದ ವಚನಗಳನ್ನು ಮನೆಮನೆ ಅಲೆದು ಸಂಗ್ರಹಿಸಿ, ಅಚ್ಚು ಹಾಕಿಸಿ, ಅದಕ್ಕಾಗಿ ಬಡತನವನ್ನು ಬರಮಾಡಿಕೊಂಡ ಫ.ಗು. ಹಳಕಟ್ಟಿಯವರು ವಿಜಯಪುರದ ವಕೀಲರು. ಅವರಾರಿಗೂ ಪಟ್ಟಾಧಿಕಾರ ಆಗಿರಲಿಲ್ಲ. ಹಾಗೆಂದು ವಿರಕ್ತರ ಋಣವನ್ನೂ ಮರೆಯಲಾಗದು. 15ನೆಯ ಶತಮಾನದಲ್ಲಿ ಪ್ರೌಢದೇವರಾಯನ ಕಾಲದ ನೂರೊಂದು ವಿರಕ್ತರು ಮತ್ತು ಅವರ ನಂತರದವರು ವಚನಗಳನ್ನು ಜೋಡಿಸಿ ಉಳಿಸದಿದ್ದರೆ ಹಳಕಟ್ಟಿಯವರಿಗೆ ಸಂಗ್ರಹಿಸಲು ಏನೂ ಸಿಗುತ್ತಿರಲಿಲ್ಲ. ಆದರೂ ನಿಲಯ ನಡೆಸುವುದಕ್ಕೆ ಸ್ವಾಮಿಗಳೇ ಬೇಕೆಂಬ ವಾದಕ್ಕೆ ಚರಿತ್ರೆಯ ಬೆಂಬಲವಿಲ್ಲ.

ನಾನು ಕೇಳಬೇಕೆಂದಿರುವುದು ಬೇರೆ. ಮರಿಯಾಗಿ ತರುವ ಮಗು ಹುಡುಗನೇ ಏಕೆ ಆಗಬೇಕು, ಅದೂ ಜಂಗಮ ಮನೆತನದ ಹುಡುಗನೇ ಏಕೆ ಆಗಬೇಕು? ಶರಣರ ಮಾತಿನಲ್ಲಿ ಜಂಗಮ ಎಂದರೆ ಚಲಿಸುವುದು, ಅರಿವು ಹೊತ್ತು ನಡೆದಾಡುವ ಚೈತನ್ಯ. ಅದಕ್ಕೆ ಹುಟ್ಟಿನ ಗುರುತಿರಲಿಲ್ಲ. ಮದ್ದಳೆ ಬಾರಿಸುತ್ತಿದ್ದ ಅಲ್ಲಮರನ್ನು ಶೂನ್ಯಪೀಠದ ಮೇಲೆ ಕೂರಿಸಿದ ಪರಂಪರೆ ಇದು. ಆ ಮಾತು ಕಾಲಾಂತರದಲ್ಲಿ ಒಂದು ಜಾತಿಯ ಹೆಸರಾಯಿತು. ಹಿರೇಮಠ, ಮಠಪತಿ, ಗಣಾಚಾರಿ ಎಂದು ಮನೆತನದ ಅಡ್ಡಹೆಸರುಗಳಾದವು. ಹಿಂದಿನವರು ನೆನೆದ ಸಿದ್ಧಗಂಗೆಯ ಸ್ವಾಮಿಗಳು ಹುಟ್ಟಿದ್ದು ಮಾಗಡಿಯ ಹತ್ತಿರದ ವೀರಾಪುರದ ಒಕ್ಕಲು ಮನೆಯಲ್ಲಿ. ಅವರನ್ನು ಆರಿಸಿದ ಗುರುಗಳು ಮನೆತನ ನೋಡಲಿಲ್ಲ, ಮನುಷ್ಯನನ್ನು ನೋಡಿದರು.

ಇನ್ನು ಹೆಣ್ಣುಮಕ್ಕಳು. ಲಿಂಗದೀಕ್ಷೆಯಲ್ಲಿ ಹೆಣ್ಣು ಗಂಡಿಗೆ ಭೇದವಿಲ್ಲ ಎಂದು ಎಲ್ಲ ವೇದಿಕೆಗಳಲ್ಲಿ ಹೇಳುತ್ತೇವೆ. ಅಕ್ಕಮಹಾದೇವಿಯ ಭಾವಚಿತ್ರವನ್ನು ಮೆರವಣಿಗೆ ಮಾಡುತ್ತೇವೆ. ಮಾತೆ ಮಹಾದೇವಿಯವರು 1970ರಲ್ಲಿ ಜಗದ್ಗುರು ಪೀಠವೇರಿ ಅರ್ಧ ಶತಮಾನವೇ ಕಳೆಯಿತು. ಆದರೂ ಊರ ಮಠದ ಪೀಠಕ್ಕೆ ಹೆಸರು ಹುಡುಕುವಾಗ ಹೆಣ್ಣುಮಗಳ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ನಿಮ್ಮ ಸಮಿತಿಯಲ್ಲಿ ಎಷ್ಟು ಹೆಣ್ಣುಮಕ್ಕಳಿದ್ದಾರೆ ಎಂದು ನೀವು ಬರೆದಿಲ್ಲ.

ಇಷ್ಟು ಹೇಳಿದ ಮೇಲೂ ಸ್ವಾಮಿಗಳು ಬೇಡ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಕಾರಣ ಹೇಳುತ್ತೇನೆ. ನನ್ನ ತಂದೆ ತೀರಿಕೊಂಡದ್ದು ಆಷಾಢದ ಒಂದು ರಾತ್ರಿ, ಜಿಟಿಜಿಟಿ ಮಳೆ. ಅಣ್ಣಂದಿರು ಬೇರೆ ಊರುಗಳಲ್ಲಿದ್ದರು, ಮನೆಯಲ್ಲಿ ಅವ್ವ ಮತ್ತು ನಾನು. ಓಣಿಯ ಮಠಪತಿ ಅಯ್ಯನವರು ಎಪ್ಪತ್ತು ದಾಟಿದವರು. ಸುದ್ದಿ ಮುಟ್ಟಿದ ಅರ್ಧ ಗಂಟೆಯಲ್ಲಿ ಗೋಣಿತಾಟಿನ ಕೊಪ್ಪೆ ಹಾಕಿಕೊಂಡು, ವಿಭೂತಿ ಪತ್ರಿ ಹಿಡಿದುಕೊಂಡು ಬಂದರು. ಏನು ಮಾಡಬೇಕೆಂದು ನಮಗಿಬ್ಬರಿಗೂ ತಿಳಿದಿರಲಿಲ್ಲ. ಅವರು ತಂದೆಯನ್ನು ಹೇಗೆ ಕೂರಿಸಬೇಕೆಂದು ಹೇಳಿದರು, ವಿಭೂತಿ ಹಚ್ಚಿದರು, ಎದೆಯ ಮೇಲಿನ ಲಿಂಗವನ್ನು ಎಡಗೈಯಲ್ಲಿರಿಸಿದರು, ಬೆಳಗಾಗುವವರೆಗೆ ಗೋಡೆಗೆ ಒರಗಿ ಕೂತು ಮೆಲ್ಲಗೆ ಮಂತ್ರ ಹೇಳುತ್ತಿದ್ದರು. ಅವ್ವ ಅಳುವಾಗ ನಿಲ್ಲಿಸುತ್ತಿದ್ದರು, ಅವಳು ಸುಮ್ಮನಾದಾಗ ಮತ್ತೆ ಹೇಳುತ್ತಿದ್ದರು. ಆ ಮಂತ್ರ ನನಗೂ ಬರುತ್ತಿತ್ತು, ನಾನೂ ಹೇಳಬಹುದಿತ್ತು. ಆದರೆ ಆ ರಾತ್ರಿ ಅದನ್ನು ಹೇಳುವ ಕೆಲಸ ಇನ್ನೊಬ್ಬರದಾಗಿದ್ದದ್ದು ನಮಗೆ ಎಷ್ಟು ದೊಡ್ಡ ಆಸರೆಯಾಗಿತ್ತೆಂದರೆ, ಆಮೇಲೆ ಎಷ್ಟು ಓದಿ ಎಷ್ಟು ವಾದ ಮಾಡಿದರೂ ನಾನು ಅದನ್ನು ಅಲ್ಲಗಳೆಯಲಾರೆ. ಆ ಅಯ್ಯನವರಿಗೆ ಪೀಠವಿರಲಿಲ್ಲ, ಅಡ್ಡಪಲ್ಲಕ್ಕಿ ಇರಲಿಲ್ಲ. ಸಂಸಾರಿಗಳು, ಮೂರು ಮಕ್ಕಳ ತಂದೆ. ಸ್ವಾಮಿಗಳ ಬಗ್ಗೆ ಮಾತನಾಡುವಾಗ ಇಂಥವರನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅವರ ಮಕ್ಕಳು ಇಂದು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ. ಆ ಓಣಿಯಲ್ಲಿ ಈಗ ಸಾವಾದರೆ ಅಯ್ಯನವರಿಗಾಗಿ ಎರಡು ಊರು ದಾಟಿ ಫೋನು ಮಾಡಬೇಕು.

ಉತ್ತರ 4
ಬರೆದವರು: ಕರಾವಳಿಯ ಓದುಗ

ನಾನು ಮಂಗಳೂರಿನ ಕಥೋಲಿಕ ಕ್ರೈಸ್ತ. ಬೇರೆ ಧರ್ಮದವನು ನಡುವೆ ಮಾತನಾಡುವುದಕ್ಕೆ ಕ್ಷಮೆಯಿರಲಿ. ಹುಡುಗನ ವಯಸ್ಸಿನ ಪ್ರಶ್ನೆ ಓದಿ ಸುಮ್ಮನಿರಲಾಗಲಿಲ್ಲ.

ನಮ್ಮಲ್ಲಿ ಗುರುದೀಕ್ಷೆಯ ಅರ್ಥ ನಿಮ್ಮದಕ್ಕಿಂತ ಬೇರೆ. ದೀಕ್ಷೆ ಪಡೆದ ಗುರುವಿಲ್ಲದೆ ಬಲಿಪೂಜೆ ಇಲ್ಲ, ಪಾಪನಿವೇದನೆಯ ಕ್ಷಮೆ ಇಲ್ಲ. ಅಷ್ಟು ದೊಡ್ಡ ಅಧಿಕಾರ ಕೊಡುವುದರಿಂದಲೇ ಇರಬೇಕು, ಧರ್ಮಸಭೆಯ ಕಾನೂನು 25 ವರ್ಷ ತುಂಬದವನಿಗೆ ಸಾಮಾನ್ಯವಾಗಿ ಗುರುದೀಕ್ಷೆ ಕೊಡಬಾರದು ಎನ್ನುತ್ತದೆ. ಜೆಪ್ಪುವಿನ ಸಂತ ಜೋಸೆಫರ ಸೆಮಿನರಿ 1879ರಿಂದ ಗುರುಗಳನ್ನು ತಯಾರು ಮಾಡುತ್ತಾ ಬಂದಿದೆ; ತತ್ತ್ವಶಾಸ್ತ್ರ, ದೇವಶಾಸ್ತ್ರ ಎಂದು ಓದುತ್ತಾ ಹೋಗುವ ವರ್ಷಗಳಲ್ಲಿ ಯಾವಾಗ ಬೇಕಾದರೂ ಬಿಟ್ಟು ಹೊರಡಬಹುದು. ನನ್ನ ಸೋದರಮಾವನ ಮಗ ಆರನೆಯ ವರ್ಷದಲ್ಲಿ ಬಿಟ್ಟು ಬಂದ. ಮನೆಯಲ್ಲಿ ಅತ್ತರು, ಆದರೆ ಯಾರೂ ಬೈಯಲಿಲ್ಲ.

ಇನ್ನೊಂದು ಪದ್ಧತಿ ನಿಮಗೆ ಉಪಯೋಗವಾಗಬಹುದು. ನಮ್ಮ ಚರ್ಚಿನ ಫಾದರ್ ಕೆಲವು ವರ್ಷಗಳಿಗೊಮ್ಮೆ ವರ್ಗವಾಗುತ್ತಾರೆ, ಪ್ರತಿ ಧರ್ಮಕೇಂದ್ರದಲ್ಲಿಯೂ ಹಣಕಾಸಿನ ಸಮಿತಿ ಕಡ್ಡಾಯವಾಗಿದೆ, 75 ವರ್ಷವಾದಾಗ ಬಿಷಪರೂ ರಾಜೀನಾಮೆ ಸಲ್ಲಿಸಬೇಕು. ಇಷ್ಟೆಲ್ಲ ಇದ್ದೂ ನಮ್ಮಲ್ಲಿ ತಪ್ಪುಗಳು ಆಗಿಲ್ಲವೆಂದಲ್ಲ. ಆದರೆ ವಕೀಲರು ಹೇಳಿದ ಖಾಲಿ ಜಾಗ ಸ್ವಲ್ಪ ಕಿರಿದಾಗಿದೆ. ಇದರ ನಷ್ಟವನ್ನೂ ಹೇಳುತ್ತೇನೆ: ನಿಮ್ಮ ಅಜ್ಜನವರಂತೆ 40 ವರ್ಷ ಒಂದೇ ಊರಿನ ಮೂರು ತಲೆಮಾರನ್ನು ಬಲ್ಲ ಗುರು ನಮಗೆ ಸಿಗುವುದಿಲ್ಲ. ಹೆಸರು ಕಲಿಯುವಷ್ಟರಲ್ಲಿ ಅವರು ಹೊರಡುವ ದಿನ ಬಂದಿರುತ್ತದೆ.

ಉತ್ತರ 5
ಬರೆದವರು: ಹಳ್ಳಿಮಠದ ಕಾರ್ಯದರ್ಶಿ

ಎಲ್ಲರಿಗೂ ಶರಣಾರ್ಥಿಗಳು. ಎಲ್ಲವನ್ನೂ ಎರಡು ಬಾರಿ ಓದಿದೆ, ಮುದ್ರಿಸಿಕೊಂಡು ಸಮಿತಿಯ ನಾಲ್ವರಿಗೂ ಕೊಟ್ಟೆ.

ಅಕ್ಕನವರೇ, ನಮ್ಮ ಸಮಿತಿಯಲ್ಲಿ ಹೆಣ್ಣುಮಕ್ಕಳು ಯಾರೂ ಇಲ್ಲ. ನೀವು ಕೇಳುವವರೆಗೆ ನನಗೆ ಅದು ಕಂಡೇ ಇರಲಿಲ್ಲ ಎಂಬುದಕ್ಕೆ ನಾಚಿಕೆಯಾಯಿತು. ಪ್ರಸಾದ ನಿಲಯದ ಅಡುಗೆಯನ್ನು 20 ವರ್ಷಗಳಿಂದ ನೋಡಿಕೊಂಡವರೂ, ಪ್ರತಿ ಸೋಮವಾರ ಮಠದಲ್ಲಿ ವಚನ ಹೇಳಿಕೊಡುವವರೂ ಹೆಣ್ಣುಮಕ್ಕಳೇ.

ವಟುವಾಗಿದ್ದ ಅಣ್ಣನವರು ತಮ್ಮ ತಾಯಿಯ ವಿಷಯ ಬರೆದದ್ದನ್ನು ಹಿರಿಯರಲ್ಲಿ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ಆ ಹುಡುಗನ ಮನೆಗೆ ಹೋದಾಗ ಅವನ ತಂದೆಯ ಹತ್ತಿರ ಮಾತನಾಡಿದೆವು, ಅಜ್ಜನ ಹತ್ತಿರ ಮಾತನಾಡಿದೆವು, ತಾಯಿ ಒಳಗಿನಿಂದ ಬರಲೇ ಇಲ್ಲ ಎಂದರು. ಹುಡುಗನನ್ನು ಏನು ಕೇಳಿದಿರಿ ಎಂದೆ. ಪಂಚಾಕ್ಷರಿ ಬರುತ್ತದೆಯೇ ಎಂದು ಕೇಳಿದೆವು, ಹೇಳಿದ ಎಂದರು.

ಸಭೆಯ ಮುಂದೆ ಇಡಬೇಕೆಂದಿರುವುದನ್ನು ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿರಿ. ಪೀಠವನ್ನು ಸದ್ಯಕ್ಕೆ ತುಂಬುವುದು ಬೇಡ, ಮುಚ್ಚುವುದೂ ಬೇಡ. ಪಹಣಿ ಮತ್ತು ಟ್ರಸ್ಟಿನ ಕೆಲಸ ಈ ವರ್ಷವೇ ಆಗಲಿ. ಹತ್ತಿರದ ದೊಡ್ಡ ಮಠದ ಸ್ವಾಮಿಗಳನ್ನು ತಿಂಗಳಿಗೆ ಎರಡು ದಿನ ನಮ್ಮಲ್ಲಿ ತಂಗಬೇಕೆಂದು ಕೇಳಿಕೊಳ್ಳೋಣ. ಊರಿನವರ ಕಷ್ಟಸುಖ ಕೇಳಲು ಆ ಎರಡು ದಿನವಾದರೂ ಒಂದು ಬಾಗಿಲು ತೆರೆದಿರಲಿ. ಆ ಹುಡುಗ ನಮ್ಮ ನಿಲಯದಲ್ಲಿ ಉಳಿದ 60 ಮಕ್ಕಳಂತೆ ಓದಲು ಬಯಸಿದರೆ ಬರಲಿ, ಮರಿ ಎಂಬ ಹೆಸರಿಲ್ಲದೆ, ಕಾವಿಯಿಲ್ಲದೆ. ಅವನಿಗಾಗಲಿ ಇನ್ನಾರಿಗಾಗಲಿ, ಯಾವ ಮನೆತನದವರೇ ಆಗಲಿ, ಕಾಲೇಜಿನ ಓದು ಮುಗಿದ ಮೇಲೆ ತಾವಾಗಿಯೇ ಈ ದಾರಿ ಬೇಕೆನಿಸಿದರೆ ಆಗ ಊರು ಸೇರಿ ಮಾತನಾಡೋಣ. ಹರೆಯದವರು ಇದನ್ನು ಒಪ್ಪುವಂತಿದ್ದಾರೆ. ಹಿರಿಯರಲ್ಲಿ ಇಬ್ಬರು ಮಾತ್ರ, ಖಾಲಿ ಪೀಠದ ಮುಂದೆ ಜಾತ್ರೆ ಹೇಗೆ ಮಾಡುವುದು ಎಂದು ಕೇಳುತ್ತಿದ್ದಾರೆ.

ಉತ್ತರ 6
ಬರೆದವರು: ಮಲಪ್ರಭೆಯ ಹಳೆಯ ವಟು

ಆ ಇಬ್ಬರು ಹಿರಿಯರ ನೋವನ್ನು ಹಗುರವಾಗಿ ಕಾಣಬೇಡಿರಿ. ಅವರು ಬಾಲ್ಯದಿಂದ ಆ ಪೀಠದ ಮೇಲೆ ಒಬ್ಬರನ್ನು ಕಂಡವರು. ಜಾತ್ರೆಯ ದಿನ ಅಜ್ಜನವರ ಪಾದುಕೆಗಳನ್ನು ಪೀಠದ ಮೇಲಿಟ್ಟು, ತೇರಿನ ಮುಂದೆ ವಚನದ ಕಟ್ಟುಗಳನ್ನು ಹೊತ್ತು ನಡೆಯಬಹುದು. ಹೊರುವುದಕ್ಕೆ ಆ ಇಬ್ಬರನ್ನೇ ಕೇಳಿರಿ. ಮತ್ತು ಸಭೆಗೆ ಮೊದಲು ಇನ್ನೊಮ್ಮೆ ಆ ಹುಡುಗನ ಮನೆಗೆ ಹೋಗಿ ಬನ್ನಿರಿ. ಈ ಸಲ ನಿಮ್ಮ ಊರಿನಿಂದ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿರಿ, ಅವರು ಒಳಗೆ ಹೋಗಿ ಆ ತಾಯಿಯ ಹತ್ತಿರ ಕೂರಲಿ.